ಕೆಂಪಗೆ ಕಾದ ಉಕ್ಕಿಗೆ ನೀರು ಹೊಡೆಯುವ ಲೆಕ್ಕ

ಆಗಸ್ಟ್ ಕೊನೆಗೆ ನಮ್ಮ ಕೊಡಗಿನ ಕುಲುಮೆಗಳಿಗೆ ಬಿಡುವಿರುವುದಿಲ್ಲ. ನಾಟಿ ಮುಗಿದಿರುತ್ತದೆ, ಸೆಪ್ಟೆಂಬರ್ ಮೊದಲಲ್ಲೇ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್. ಪೂಜೆಗಿಡುವ ಕೋವಿ, ಒಡಿಕತ್ತಿಗಳನ್ನು ಒರೆಸಿ ಎಣ್ಣೆ ಹಚ್ಚಿದರೆ ಸಾಕು. ತೋಟದ ಕತ್ತಿಗಳ ಕಥೆ ಹಾಗಲ್ಲ. ವರ್ಷವಿಡೀ ಕಾಡು ಸವರಿ ಅವುಗಳ ಬಾಯಿ ಹೋಗಿರುತ್ತದೆ. ಅವನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿಕೊಂಡು ಗೋಣಿಕೊಪ್ಪದ ಹತ್ತಿರದ ಒಬ್ಬ ಆಚಾರಿಗಳ ಕುಲುಮೆಗೆ ಒಯ್ಯುವುದು ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸವಾಗಿತ್ತು.

ಅವರು ಕತ್ತಿಯನ್ನು ಕಾಯಿಸಿ ಬಡಿದು ಬಾಯಿ ತೆಳು ಮಾಡಿ, ಕೊನೆಗೊಮ್ಮೆ ಬಾಯಿಯ ಕಡೆ ಮಾತ್ರ ಕೆಂಪಗೆ ಕಾಯಿಸುತ್ತಿದ್ದರು. ಇಕ್ಕಳದಲ್ಲಿ ಹಿಡಿದು ಬಾನಿಯ ನೀರಿಗೆ ಅದ್ದುತ್ತಿದ್ದರು. ಅದ್ದಿ ಸುಮ್ನೆ ಹಿಡಿಯುತ್ತಿರಲಿಲ್ಲ, ಹಿಂದೆ ಮುಂದೆ ಆಡಿಸುತ್ತಲೇ ಇರುತ್ತಿದ್ದರು. ಒಂದು ಸಲ ಕೇಳಿಯೇಬಿಟ್ಟೆ.

"ಯಾಕೆ ಆಡಿಸ್ತೀರಿ, ಆಚಾರ್ರೇ?"

"ಆಡಿಸದಿದ್ರೆ ಕಬ್ಬಿಣ ನೀರು ಕುಡಿಯೋದಿಲ್ಲ, ಮರಿ."

ಅದನ್ನು ಅಂದು ತಮಾಷೆ ಅಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಪೀಣ್ಯದಲ್ಲಿ, ಉಕ್ಕನ್ನು ಕಾಯಿಸಿ ತಣಿಸಿ ಹದ ಮಾಡುವ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಬಾನಿ ಇರಲಿಲ್ಲ. ಕೆಂಪಗೆ ಕಾದ ಶಾಫ್ಟಿನ ಸುತ್ತ ನಾಜಲ್‌ಗಳು ನಿಂತು ನೀರು ಹೊಡೆಯುತ್ತಿದ್ದವು. ಅದನ್ನು ನೋಡಿದ ಮೇಲೆ ಆಚಾರಿಗಳ ಮಾತು ಅಕ್ಷರಶಃ ನಿಜ ಅಂತ ತಿಳಿಯಿತು. ಕಾದ ಕಬ್ಬಿಣ ನಿಜವಾಗಿಯೂ ನೀರು ಕುಡಿಯಲು ಒಲ್ಲೆ ಅನ್ನುತ್ತದೆ. ಅದಕ್ಕೆ ಕುಡಿಸುವ ಉಪಾಯಗಳಲ್ಲಿ ಸ್ಪ್ರೇ ಕೂಡ ಒಂದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಕಾದ ಉಕ್ಕನ್ನು ತಣ್ಣೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಸರಿಯೇ. ಆದರೆ ಗಟ್ಟಿ ಮಾಡುವುದು ತಂಪಲ್ಲ, ತಣಿಯುವ ವೇಗ. ಅದೇ ಕತ್ತಿಯನ್ನು ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಿ. ಬೆಳಿಗ್ಗೆ ಅದೂ ಅಷ್ಟೇ ತಣ್ಣಗಿರುತ್ತದೆ, ಆದರೆ ಅರ ಹಾಕಿದರೆ ಮೆತ್ತಗೆ ಸವೆಯುತ್ತದೆ. ಉಕ್ಕು ಅದೇ, ಕೊನೆಗೆ ಮುಟ್ಟಿದ ತಂಪೂ ಅದೇ. ಬಂದ ದಾರಿ ಮಾತ್ರ ಬೇರೆ.

ಉಕ್ಕು ಅಂದರೆ ಕಬ್ಬಿಣದಲ್ಲಿ ಒಂದಿಷ್ಟು ಕಾರ್ಬನ್ ಸೇರಿದ್ದು. 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಬ್ಬಿಣದ ಪರಮಾಣುಗಳು ತಮ್ಮ ಸಾಲನ್ನು ಬದಲಿಸತೊಡಗುತ್ತವೆ. ಆ ಹೊಸ ಜೋಡಣೆಯಲ್ಲಿ ಕಾರ್ಬನ್ ಕೂರಲು ಜಾಗ ಜಾಸ್ತಿ. ಇದಕ್ಕೆ ಆಸ್ಟೆನೈಟ್ ಅಂತ ಹೆಸರು. ನಿಧಾನಕ್ಕೆ ತಣಿದರೆ ಕಬ್ಬಿಣ ಹಳೆಯ ಜೋಡಣೆಗೆ ಮರಳುತ್ತದೆ, ಕಾರ್ಬನ್ ಮೆಲ್ಲಗೆ ಜಾಗ ಖಾಲಿ ಮಾಡಿ ಪಕ್ಕಕ್ಕೆ ಸರಿದು ಪದರ ಪದರವಾಗಿ ಕೂರುತ್ತದೆ. ಅದು ಪರ್ಲೈಟ್, ಮೆತ್ತಗಿನ ಉಕ್ಕು. ಗಬಕ್ಕನೆ ತಣಿಸಿದರೆ ಕಾರ್ಬನ್‌ಗೆ ಸರಿಯಲು ಸಮಯವೇ ಸಿಗುವುದಿಲ್ಲ. ಬಾಗಿಲು ಹಾಕಿಕೊಂಡ ಬಸ್ಸಿನಲ್ಲಿ ಇಳಿಯಲಾಗದೆ ಉಳಿದವರ ಹಾಗೆ ಒಳಗೇ ಸಿಕ್ಕಿಬೀಳುತ್ತದೆ. ಜೋಡಣೆ ಬಿಗಿದು ಸೆಟೆದುಕೊಳ್ಳುತ್ತದೆ. ಇದೇ ಮಾರ್ಟೆನ್ಸೈಟ್, ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನದು. ಶೇಕಡಾ 0.8ರಷ್ಟು ಕಾರ್ಬನ್ ಇರುವ ಉಕ್ಕು ಹೀಗೆ ಹದವಾದರೆ ಗಡಸುತನದ ರಾಕ್‌ವೆಲ್ ಸಿ ಅಳತೆಯಲ್ಲಿ 65ರ ಆಸುಪಾಸಿಗೆ ಹೋಗುತ್ತದೆ. ಅರ ಹಾಕಿದರೆ ಜಾರುತ್ತದೆ, ಕಚ್ಚುವುದಿಲ್ಲ.

ಎಷ್ಟು ಬೇಗ ತಣಿಸಬೇಕು? ಬೇರೇನೂ ಬೆರೆಸದ 0.8 ಕಾರ್ಬನ್ ಉಕ್ಕಾದರೆ 550 ಡಿಗ್ರಿಯ ಸುತ್ತಮುತ್ತಲ ಜಾಗವನ್ನು ಒಂದು ಸೆಕೆಂಡಿನ ಆಸುಪಾಸಿನಲ್ಲಿ ದಾಟಿಬಿಡಬೇಕು. ತಡವಾದರೆ ಪರ್ಲೈಟ್ ಹುಟ್ಟಿಕೊಳ್ಳುತ್ತದೆ. ನಮ್ಮ ಕಡೆ ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಮಾಡಿಸುತ್ತಾರಲ್ಲ, ಅದರಲ್ಲಿ ಸಿಲಿಕಾನ್, ಮ್ಯಾಂಗನೀಸ್, ಕೆಲವದರಲ್ಲಿ ಕ್ರೋಮಿಯಂ ಇರುತ್ತದೆ. ಅವು ಕಾರ್ಬನ್ನಿನ ನಡಿಗೆಗೆ ಅಡ್ಡ ಬರುವುದರಿಂದ ಒಂದಿಷ್ಟು ಹೆಚ್ಚು ಸಮಯ ಸಿಗುತ್ತದೆ. ಎಣ್ಣೆಯಲ್ಲಿ ಅದ್ದಿದರೂ ಹದ ಹಿಡಿಯುತ್ತದೆ. ಆಚಾರಿಗಳಿಗೆ ಆ ಪ್ಲೇಟಿನ ಮೇಲೆ ಅಷ್ಟೊಂದು ಪ್ರೀತಿ ಇರಲು ಇದೂ ಒಂದು ಕಾರಣ.

ಹಾಗಾದರೆ ಮೇಲಿನಿಂದ ಕೆಳಗಿನವರೆಗೂ ಒಂದೇ ಓಟ ಓಡಿಸಿದರಾಯಿತಲ್ವಾ? ಇಲ್ಲ. ಮಾರ್ಟೆನ್ಸೈಟ್ ಹುಟ್ಟಲು ಶುರುವಾಗುವುದು ಕೆಳಗೆ. ಆ 0.8 ಕಾರ್ಬನ್ ಉಕ್ಕಿನಲ್ಲಿ ಸುಮಾರು 220 ಡಿಗ್ರಿಯಲ್ಲಿ. ಹುಟ್ಟುವಾಗ ಅದು ಉಬ್ಬುತ್ತದೆ, ಗಾತ್ರ ಶೇಕಡಾ 4ರ ಆಸುಪಾಸು ಹೆಚ್ಚುತ್ತದೆ. ಹೊರಮೈ ಮೊದಲು ತಣಿದು ಗಟ್ಟಿ ಚಿಪ್ಪಾಗಿರುತ್ತದೆ. ಆಮೇಲೆ ಒಳಗಿನದು ತಣಿಯುತ್ತಾ ಉಬ್ಬಲು ಹೊರಡುತ್ತದೆ. ಚಿಪ್ಪು ಹಿಗ್ಗಲಾರದು. ಹಣ್ಣಾದ ಕಾಫಿಯ ಮೇಲೆ ಅಕಾಲದಲ್ಲಿ ಮಳೆ ಸುರಿದಾಗ ಏನಾಗುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಒಳಗೆ ನೀರು ತುಂಬಿ ಉಬ್ಬುತ್ತದೆ, ಸಿಪ್ಪೆ ತಾಳದೆ ಬಿರಿಯುತ್ತದೆ. ಉಕ್ಕೂ ಹಾಗೆಯೇ ಬಿರಿಯುತ್ತದೆ. ಕೆಲವು ಸಲ ನೀರಿನಲ್ಲೇ 'ಟಿಣ್' ಅಂತ ಸದ್ದು ಕೇಳುತ್ತದೆ. ಕೆಲವು ಸಲ ಮಾರನೇ ದಿನ ಮೇಜಿನ ಮೇಲಿಟ್ಟಲ್ಲೇ ಸೀಳಿರುತ್ತದೆ. ಅದು ಇನ್ನೂ ಬೇಜಾರು.

ಹೀಗಾಗಿ ಮೇಲೆ ಆತುರ ಬೇಕು, ಕೆಳಗೆ ತಾಳ್ಮೆ ಬೇಕು. ತೊಂದರೆಯೆಂದರೆ, ಬಾನಿಯ ನೀರು ಇದಕ್ಕೆ ಸರಿಯಾಗಿ ಉಲ್ಟಾ ಕೆಲಸ ಮಾಡುತ್ತದೆ.

ಅದನ್ನು ಅಡುಗೆಮನೆಯಲ್ಲೇ ನೋಡಬಹುದು. ಕಾವಲಿ ಸ್ವಲ್ಪ ಬಿಸಿಯಾದಾಗ ನೀರು ಚಿಮುಕಿಸಿದರೆ ಚುಂಯ್ ಅಂತ ಅಲ್ಲೇ ಆರಿಹೋಗುತ್ತದೆ. ಅದೇ ಕಾವಲಿ ಒಲೆಯ ಮೇಲೆ ಮರೆತುಹೋಗಿ ವಿಪರೀತ ಕಾದಿದ್ದರೆ? ಹನಿಗಳು ಆರುವುದಿಲ್ಲ. ಪಾದರಸದ ಗೋಲಿಗಳಂತೆ ಆ ಕಡೆ ಈ ಕಡೆ ಓಡಾಡುತ್ತವೆ. ಬಿಸಿ ಹೆಚ್ಚಾದಂತೆ ನೀರು ತಡವಾಗಿ ಆರುತ್ತದೆ! ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ 1756ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಕೆಂಡದ ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ಚಮಚಕ್ಕೆ ಅವರು ಹನಿ ಹಾಕಿ ಎಣಿಸಿದರು. ಮೊದಲ ಹನಿ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಉಳಿಯಿತು. ಚಮಚ ಆರುತ್ತಾ ಬಂದಂತೆ ಮುಂದಿನ ಹನಿಗಳು ಬೇಗ ಬೇಗ ಮಾಯವಾದವು.

ಕಾರಣ ಸುಲಭ. ವಿಪರೀತ ಕಾದ ಲೋಹದ ಹತ್ತಿರ ಹೋಗುತ್ತಿದ್ದಂತೆಯೇ ಹನಿಯ ತಳ ಹಬೆಯಾಗುತ್ತದೆ. ಮಿಕ್ಕ ಹನಿ ಆ ಹಬೆಯ ಹಾಸಿನ ಮೇಲೆ ತೇಲುತ್ತದೆ, ಲೋಹವನ್ನು ಮುಟ್ಟುವುದೇ ಇಲ್ಲ. 100 ಡಿಗ್ರಿಯ ಹಬೆ ಶಾಖ ದಾಟಿಸುವುದು ಅಷ್ಟೇ ಬಿಸಿ ನೀರು ದಾಟಿಸುವುದರ ಇಪ್ಪತ್ತೈದನೇ ಒಂದು ಪಾಲಿನಷ್ಟು ಮಾತ್ರ. ಒಂದು ಬಗೆಯ ಕಂಬಳಿ ಅದು.

ಕತ್ತಿ ಬಾನಿಗೆ ಇಳಿದಾಗಲೂ ಹೀಗೇ ಆಗುತ್ತದೆ. 800 ಡಿಗ್ರಿಯಲ್ಲಿ, ನಮಗೆ ಆತುರ ಇರುವ ಹೊತ್ತಿನಲ್ಲಿ, ಉಕ್ಕು ಹಬೆಯ ಕಂಬಳಿ ಹೊದ್ದು ಆರಾಮಾಗಿ ಕೂತಿರುತ್ತದೆ. ಆಮೇಲೆ ಕಂಬಳಿ ಹರಿಯುತ್ತದೆ, ನೀರು ಲೋಹಕ್ಕೆ ತಾಗುತ್ತದೆ, ಗುಳ್ಳೆಗಳೆದ್ದು ಕುದಿಯುತ್ತದೆ. ಆಗ ಶಾಖ ಧಾರೆಧಾರೆಯಾಗಿ ಹೊರಹೋಗುತ್ತದೆ. ಮೈ ನಾನೂರು, ಮುನ್ನೂರು ಡಿಗ್ರಿಗೆ ಬಂದಾಗ ತಣಿಯುವ ಓಟ ಅತಿ ಜೋರು. ಅಂದರೆ ಮಾರ್ಟೆನ್ಸೈಟ್ ಹುಟ್ಟುವ ನಾಜೂಕಿನ ಹೊತ್ತು ಹತ್ತಿರವಾದಾಗಲೇ ಹೊಡೆತ ಬೀಳುತ್ತದೆ. ಸಂಪಾಜೆ ಘಾಟಿಯಲ್ಲಿ ನೇರ ರಸ್ತೆಗೆ ಬ್ರೇಕ್ ಹಾಕಿ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದ ಹಾಗೆ.

ಆಚಾರಿಗಳು ಕತ್ತಿ ಆಡಿಸುತ್ತಿದ್ದದ್ದು ಆ ಕಂಬಳಿ ಕಿತ್ತೊಗೆಯಲು. ಕೆಲವರು ಬಾನಿಗೆ ಹಿಡಿ ಉಪ್ಪು ಹಾಕುತ್ತಾರೆ, ಅದೂ ಮೂಢನಂಬಿಕೆ ಅಲ್ಲ. ಲೋಹದ ಮೈಯಲ್ಲಿ ನೀರು ಆರಿದಲ್ಲಿ ಉಪ್ಪಿನ ಹರಳು ಕೂತು ಸಿಡಿಯುತ್ತದೆ, ಹಬೆಯ ಪದರ ನಿಲ್ಲಲು ಬಿಡುವುದಿಲ್ಲ. ಶಾಪುಗಳಲ್ಲೂ ಶೇಕಡಾ 5ರಿಂದ 10ರಷ್ಟು ಉಪ್ಪು ಬೆರೆಸಿದ ನೀರು ಬಳಸುವುದುಂಟು. ಆದರೆ ಕೈಯಲ್ಲಿ ಆಡಿಸುವುದಕ್ಕೆ ಕತ್ತಿ ಸರಿ. ಆರಡಿ ಉದ್ದದ ಶಾಫ್ಟನ್ನೋ ಉಕ್ಕಿನ ಹಲಗೆಯನ್ನೋ ಹೇಗೆ ಆಡಿಸುತ್ತೀರಿ? ಉಕ್ಕನ್ನು ಆಡಿಸುವ ಬದಲು ನೀರನ್ನೇ ಓಡಿಸಿ ತಂದು ಬಡಿಯುವುದು ವಾಸಿ. ಸ್ಪ್ರೇಯ ಮೂಲ ಉಪಾಯ ಇಷ್ಟೇ.

ನಾಜಲ್‌ನಿಂದ ಒತ್ತಡದಲ್ಲಿ ಹೊರಟ ಹನಿಗೆ ವೇಗ ಇರುತ್ತದೆ. ಅದು ಹಬೆಯ ಪದರವನ್ನು ತೂತು ಮಾಡಿ ಲೋಹಕ್ಕೆ ತಾಗುತ್ತದೆ, ಚಪ್ಪಟೆಯಾಗಿ ಹರಡುತ್ತದೆ, ಒಂದಿಷ್ಟು ಶಾಖ ಹೊತ್ತು ಜಾರುತ್ತದೆ. ಅದರ ಹಿಂದೆಯೇ ಇನ್ನೊಂದು ಹನಿ. ಹನಿಗಳು ಹೆಚ್ಚೂ ಜೋರೂ ಆದಷ್ಟು ಕಂಬಳಿ ಮೇಲಿನ ಬಿಸಿಯಲ್ಲೇ ಹರಿದುಹೋಗುತ್ತದೆ. ನಿಂತ ನೀರಿನಲ್ಲಿ ಗುಳ್ಳೆ ಕುದಿತ ಎಷ್ಟೇ ಜೋರಾದರೂ ಚದರ ಮೀಟರಿಗೆ ಸುಮಾರು 1,000 ಕಿಲೋವಾಟ್ ಶಾಖ ಎಳೆಯುತ್ತದೆ. ಚೆನ್ನಾಗಿ ಹೊಡೆಯುವ ಸ್ಪ್ರೇ ಅದರ ಹಲವು ಪಟ್ಟು ಎಳೆಯಬಲ್ಲದು.

ಎಷ್ಟು ನೀರು ಬೇಕು? ಇದು ನನಗೆ ಬಹಳ ಇಷ್ಟದ ಲೆಕ್ಕ. ಒಂದು ಕಿಲೋ ಉಕ್ಕನ್ನು 850 ಡಿಗ್ರಿಯಿಂದ ಕೈಗೆ ತಾಳುವ ಬಿಸಿಗೆ ಇಳಿಸಲು ಸುಮಾರು 550 ಕಿಲೋಜೂಲ್ ಶಾಖ ತೆಗೆಯಬೇಕು. ಒಂದು ಲೀಟರ್ ನೀರು 25ರಿಂದ 100 ಡಿಗ್ರಿಗೆ ಕಾಯುವಾಗ ಹೊರುವುದು 314 ಕಿಲೋಜೂಲ್. ಅದೇ ಲೀಟರ್ ಆಮೇಲೆ ಹಬೆಯಾಗುವಾಗ ಹೊರುವುದು 2,257. ಹಾಗೆ ನೋಡಿದರೆ ಕಾಲು ಲೀಟರ್ ನೀರು ಪೂರ್ತಿ ಹಬೆಯಾದರೆ ಒಂದು ಕಿಲೋ ತೂಗುವ ಕತ್ತಿ ತಣ್ಣಗಾಗಿಬಿಡಬೇಕು. ಒಂದು ಲೋಟ ನೀರು! ಆದರೆ ಹೊಡೆದ ನೀರಿನಲ್ಲಿ ಹೆಚ್ಚಿನದು ಹಬೆಯಾಗುವುದೇ ಇಲ್ಲ. ಪುಟಿದು, ಜಾರಿ, ಬೆಚ್ಚಗಾಗಿ ಹರಿದುಹೋಗುತ್ತದೆ. ವೇಗ ಬೇಕಾದರೆ ಆ ದುಂದು ತಪ್ಪದು.

ದುಂದು ಎಷ್ಟು ಅಂತ ಕೇಳಿದರೆ, ಜೋರಿನ ಸ್ಪ್ರೇಯಲ್ಲಿ ಒಂದು ಚದರ ಮೀಟರಿಗೆ ಸೆಕೆಂಡಿಗೆ 10 ಲೀಟರ್ ಬೀಳುತ್ತದೆ ಅಂತಿಟ್ಟುಕೊಳ್ಳಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಅಂದುಕೊಂಡರೆ, ಅದು ಚದರ ಮೀಟರಿಗೆ 3,000 ಲೀಟರ್. ಅಂದರೆ ಮಡಿಕೇರಿಯ ಇಡೀ ವರ್ಷದ ಮಳೆ ಐದೇ ನಿಮಿಷದಲ್ಲಿ ಸುರಿದ ಹಾಗೆ. ಕೊಡಗಿನವರಿಗೂ ಗಾಬರಿಯಾಗುವ ಮಳೆ ಅದು.

ಸ್ಪ್ರೇಯ ನಿಜವಾದ ಗೆಲುವು ಮಾತ್ರ ಈ ಜೋರಿನಲ್ಲಿಲ್ಲ. ಅದಕ್ಕೊಂದು ನಲ್ಲಿ ಇದೆ, ಅದು ದೊಡ್ಡ ವಿಷಯ. ಬಾನಿಗೆ ಇಳಿಸಿದ ಮೇಲೆ ನೀರಿಗೆ 'ಈಗ ಸಾಕು, ಮೆಲ್ಲಗೆ' ಅಂತ ಹೇಳಲಾಗದು. ಸ್ಪ್ರೇಗೆ ಹೇಳಬಹುದು. ಮೊದಲ ಕೆಲವು ಸೆಕೆಂಡ್ ಜಡಿಮಳೆಯಂತೆ ಹೊಡೆದು ಮೇಲಿನ ದಾರಿ ದಾಟಿಸಿ, ಆಮೇಲೆ ಒತ್ತಡ ಇಳಿಸಿ, ಕೊನೆಗೆ ನೀರಿನ ಜೊತೆ ಗಾಳಿ ಬೆರೆಸಿ ಮಂಜಿನಂತೆ ಬಿಡಬಹುದು. ಗಾಳಿ ನೀರನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಅದು ಮೃದುವಾಗಿ, ಸಮನಾಗಿ ತಣಿಸುತ್ತದೆ. ದಪ್ಪ ಇರುವ ಕಡೆ ಜಾಸ್ತಿ, ತೆಳು ಇರುವ ಕಡೆ ಕಡಿಮೆ ಹೊಡೆಯಬಹುದು. ಒಂದು ಶಾಫ್ಟಿನ ಮೈ ಮಾತ್ರ ಗಟ್ಟಿಯಾಗಬೇಕು, ಹೊಟ್ಟೆ ಮೆತ್ತಗೇ ಇರಬೇಕು ಅಂತಿದ್ದರೆ ಇಂಡಕ್ಷನ್ ಸುರುಳಿಯಿಂದ ಮೈಯನ್ನಷ್ಟೇ ಕಾಯಿಸುತ್ತಾರೆ. ಸುರುಳಿಯ ಹಿಂದೆಯೇ ತೂತುಗಳಿರುವ ಉಂಗುರವೊಂದು ನೀರು ಹೊಡೆಯುತ್ತಾ ಬರುತ್ತದೆ. ವಾಹನಗಳ ಆಕ್ಸಲ್, ಕ್ರ್ಯಾಂಕ್ ಶಾಫ್ಟುಗಳ ಮೈ ಹೀಗೆ ಗಟ್ಟಿಯಾಗುತ್ತದೆ. ಅಲ್ಲಿ ಬರೀ ನೀರಿನ ಬದಲು ಪಾಲಿಮರ್ ಬೆರೆಸಿದ ನೀರು ಬಳಸುವುದೇ ಹೆಚ್ಚು. ಕೆಳಗಿನ ಓಟಕ್ಕೆ ಅದು ಸ್ವಲ್ಪ ಕಡಿವಾಣ ಹಾಕುತ್ತದೆ.

ಇಲ್ಲಿಯವರೆಗೆ ಕೇಳಲು ಚೆಂದ. ಕಷ್ಟ ಇರುವುದು ಸಮನಾಗಿ ಹೊಡೆಯುವುದರಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಹೂವಿನ ನೀರು ಕೊಡಲು ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಅರ್ಧ ಗೊತ್ತಿರುತ್ತದೆ. ಎರಡು ಜೆಟ್ ದೂರವಾದರೆ ನಡುವೆ ಒಣ ಪಟ್ಟಿ ಉಳಿಯುತ್ತದೆ. ಆ ಪಟ್ಟಿಯ ಗಿಡಗಳಲ್ಲಿ ಹೂವು ಸರಿಯಾಗಿ ಬರುವುದಿಲ್ಲ. ಹತ್ತಿರವಾದರೆ ಒಂದೇ ಕಡೆ ನೀರು ನಿಲ್ಲುತ್ತದೆ. ಗುಡ್ಡದ ತುದಿಯ ಜೆಟ್‌ಗೆ ಒತ್ತಡ ಸಾಲದೆ ಅದು ಬರೀ ಉಗುಳುತ್ತದೆ. ನಾಜಲ್ ಸಾಲಿನಲ್ಲೂ ಇದೇ ಪಾಡು. ಒಂದರ ಅಂಚು ಇನ್ನೊಂದರ ಅಂಚಿನ ಮೇಲೆ ಹದವಾಗಿ ಬೀಳುವಂತೆ ಎತ್ತರ, ದೂರ, ಕೋನ ಹೊಂದಿಸಬೇಕು. ಅದು ಸಾಲದೆಂದು ಶಾಫ್ಟನ್ನು ತಿರುಗಿಸುತ್ತಲೂ ಇರುತ್ತಾರೆ. ಮಲಗಿಸಿದ ಹಲಗೆಯಾದರೆ ಮೇಲಿನ ಮೈಯಲ್ಲಿ ನೀರು ನಿಂತು ಹರಿದಾಡುತ್ತದೆ, ಕೆಳಗಿನ ಮೈಯಿಂದ ಥಟ್ಟನೆ ಉದುರಿಹೋಗುತ್ತದೆ. ಅದಕ್ಕೆ ಕೆಳಗಿನ ನಾಜಲ್‌ಗಳಿಗೆ ನೀರು ಜಾಸ್ತಿ ಕೊಡುತ್ತಾರೆ.

ತೋಟದಲ್ಲಿ ಒಣ ಪಟ್ಟಿ ಉಳಿದರೆ ಮಾರನೇ ದಿನ ಪೈಪ್ ತಿರುಗಿಸಿ ಹಾಕಬಹುದು. ಉಕ್ಕಿನಲ್ಲಿ ಆ ಅವಕಾಶ ಇಲ್ಲ. ಒದ್ದೆಯಾದ ಜಾಗ ಮೊದಲು ತಣಿಯುತ್ತದೆ. ತಣಿದಲ್ಲಿ ಹಬೆ ನಿಲ್ಲದೆ ನೀರು ಇನ್ನಷ್ಟು ತಾಗಿ ಇನ್ನೂ ಬೇಗ ತಣಿಯುತ್ತದೆ. ಪಕ್ಕದ ಒಣ ಜಾಗ ಮಾತ್ರ ಕಂಬಳಿ ಹೊದ್ದೇ ಇರುತ್ತದೆ. ಆರಂಭದ ಚೂರು ವ್ಯತ್ಯಾಸ ಕ್ಷಣದಲ್ಲಿ ನೂರಾರು ಡಿಗ್ರಿಯ ವ್ಯತ್ಯಾಸವಾಗಿಬಿಡುತ್ತದೆ. ಉಕ್ಕು ಬಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಇಡೀ ಲಾಟ್ ಶಾಫ್ಟು ಹೀಗೇ ಹಾಳಾಯಿತು. ಬಾಳೆಕಾಯಿಯ ಹಾಗೆ ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಕುಲುಮೆಯ ಬಿಸಿ ನೋಡಿದರು, ಉಕ್ಕಿನ ಸರ್ಟಿಫಿಕೇಟ್ ನೋಡಿದರು, ರಾತ್ರಿ ಪಾಳಿಯವರನ್ನು ಬೈದರು. ಕೊನೆಗೆ ನೋಡಿದರೆ ತಿರುಗಿಸುವ ಮೋಟರಿನ ಬೆಲ್ಟ್ ಜಾರುತ್ತಿತ್ತು, ಜೊತೆಗೆ ಒಂದು ಬದಿಯ ಮೂರು ನಾಜಲ್ ಕಟ್ಟಿಕೊಂಡಿದ್ದವು. ಕಾದ ಉಕ್ಕಿನಿಂದ ಉದುರುವ ಕಪ್ಪು ಸಿಪ್ಪೆ ನೀರಿನ ಜೊತೆ ತೊಟ್ಟಿಗೆ ಹೋಗಿ, ಪಂಪಿನಿಂದ ಮತ್ತೆ ನಾಜಲ್‌ಗೆ ಬಂದಿತ್ತು. ಜಾಲರಿ ತೊಳೆದಿರಲಿಲ್ಲ. ಜಾಲರಿ ತೊಳೆಯುವ ಜವಾಬ್ದಾರಿ ನನ್ನದಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸುಣ್ಣ ಸೋಸದೆ ಬೋರ್ಡೋ ಔಷಧಿ ಹೊಡೆಯಲು ಹೋಗಿ ಮೆಣಸಿನ ಬಳ್ಳಿಯ ಬುಡದಲ್ಲಿ ನಾಜಲ್ ಬಿಚ್ಚುತ್ತಾ ಕೂತವನು ನಾನು. ಅದರಿಂದಲೂ ಬುದ್ಧಿ ಬಂದಿರಲಿಲ್ಲ.

ಇನ್ನೊಂದು ವಿಚಿತ್ರ ಸಂಗತಿ ಇದೆ. ಹೆಚ್ಚು ವೇಗವಾಗಿ ತಣಿಸಿದಷ್ಟೂ ಸೀಳುವ ಭಯ ಹೆಚ್ಚು ಅಂತ ನಾವೆಲ್ಲ ನಂಬಿದ್ದೆವು. ಉಕ್ರೇನಿನ ನಿಕೊಲಾಯ್ ಕೊಬಾಸ್ಕೊ ಬೇರೆಯದೇ ತೋರಿಸಿದರು. ವೇಗ ಏರಿದಂತೆ ಸೀಳುವ ಭಯ ಒಂದು ಹಂತದವರೆಗೆ ಏರುತ್ತದೆ, ಅದನ್ನೂ ಮೀರಿ ಹೋದರೆ ಮತ್ತೆ ಇಳಿಯುತ್ತದೆ. ಮೈಯೆಲ್ಲ ಒಟ್ಟಿಗೇ, ಒಂದೇ ಸಮನೆ, ಅತಿ ಜೋರಾಗಿ ತಣಿದರೆ ಗಟ್ಟಿ ಚಿಪ್ಪು ಸುತ್ತಲೂ ಒಮ್ಮೆಗೇ ಕಟ್ಟಿಕೊಳ್ಳುತ್ತದೆ. ಒಳಗಿನ ಬಿಸಿ ಉಕ್ಕು ತಣಿಯುತ್ತಾ ಮೊದಲು ಕುಗ್ಗಿ ಚಿಪ್ಪನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹಿಂಡಿಕೊಂಡ ಚಿಪ್ಪು ಸೀಳುವುದಿಲ್ಲ. ಹೊಟ್ಟೆಯವರೆಗೂ ಮಾರ್ಟೆನ್ಸೈಟ್ ಹಬ್ಬುವ ಮೊದಲೇ ನೀರು ನಿಲ್ಲಿಸಬೇಕು, ಅಷ್ಟೇ. ಆದರೆ 'ಒಂದೇ ಸಮನೆ' ಅನ್ನುವ ಮಾತಿನ ಮೇಲೆ ಎಲ್ಲವೂ ನಿಂತಿದೆ. ಒಂದು ನಾಜಲ್ ಕಟ್ಟಿಕೊಂಡರೆ ಕಥೆ ಮುಗಿಯಿತು. ಸಣ್ಣ ಶಾಪಿನವರು ಎಣ್ಣೆಯ ತೊಟ್ಟಿಯನ್ನು ಬಿಡದಿರುವುದಕ್ಕೆ ನನಗೆ ಆಶ್ಚರ್ಯವೇನೂ ಇಲ್ಲ. ಹೊಗೆ ಬರುತ್ತದೆ, ಬೆಂಕಿಯ ಭಯ ಇದೆ, ಆದರೂ ಎಣ್ಣೆ ಕ್ಷಮಿಸುವ ಗುಣದ್ದು.

ಇದೆಲ್ಲ ಕಾರ್ಖಾನೆಯವರ ಕಷ್ಟ, ನಮಗೇನು ಅಂತ ಕೇಳಬಹುದು. ನಿಮ್ಮ ಮನೆಯ ಕಂಬದೊಳಗೆ, ತಾರಸಿಯೊಳಗೆ ಈ ಹದವೇ ಕೂತಿದೆ. ಟಿಎಂಟಿ ಕಂಬಿ ಅನ್ನುತ್ತೇವಲ್ಲ, ಅದು ರೋಲಿಂಗ್ ಮಿಲ್ಲಿನಿಂದ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಓಡಿಬರುತ್ತದೆ. ಬಂದಂತೆಯೇ ಒತ್ತಡದ ನೀರು ಸುತ್ತಲಿಂದ ಬಡಿಯುವ ಕೊಳವೆಗಳ ಮೂಲಕ ತೂರಿಹೋಗುತ್ತದೆ. ಒಳಗಿರುವುದು ಒಂದು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಹೊರಮೈ ಮಾರ್ಟೆನ್ಸೈಟ್ ಆಗಿಬಿಡುತ್ತದೆ, ಹೊಟ್ಟೆ ಇನ್ನೂ ಕೆಂಪಗೇ ಇರುತ್ತದೆ. ಹೊರಬಂದ ಮೇಲೆ ಹೊಟ್ಟೆಯ ಕಾವು ಮೈಗೆ ಹರಿದು ಮೈ ಮತ್ತೆ ಸುಮಾರು 600 ಡಿಗ್ರಿಗೆ ಏರುತ್ತದೆ. ಆಗ ಮಾರ್ಟೆನ್ಸೈಟಿನ ಪೆಡಸುತನ ಇಳಿದು ಅದು ಗಟ್ಟಿಯೂ ಬಾಗುವಂಥದ್ದೂ ಆಗುತ್ತದೆ. ಹೊಟ್ಟೆ ನಿಧಾನವಾಗಿ ತಣಿದು ಮೆತ್ತಗಾಗುತ್ತದೆ. ಕಂಬಿಯನ್ನು ಕತ್ತರಿಸಿ ಉಜ್ಜಿ ಆಸಿಡ್ ಹಚ್ಚಿದರೆ ಹೊರಗಿನ ಕಪ್ಪು ಉಂಗುರ ಕಣ್ಣಿಗೇ ಕಾಣುತ್ತದೆ.

ಇದನ್ನು ಮೊದಲ ಸಲ ಓದಿದಾಗ ಕುಲುಮೆಯೇ ಕಣ್ಣಮುಂದೆ ಬಂತು. ಆಚಾರಿಗಳು ಕತ್ತಿಯ ಬಾಯಿಯನ್ನಷ್ಟೇ ಅದ್ದಿ, ಆಡಿಸಿ, ಹೊರಗೆ ತೆಗೆಯುತ್ತಿದ್ದರು. ಬೆನ್ನು ಇನ್ನೂ ಬಿಸಿಯಾಗಿರುತ್ತಿತ್ತು. ಬಾಯಿಯನ್ನು ಕಲ್ಲಿಗೆ ಒಮ್ಮೆ ಉಜ್ಜಿ ಬೆಳ್ಳಗೆ ಮಾಡಿ, ನೋಡುತ್ತಾ ಕೂರುತ್ತಿದ್ದರು. ಬೆನ್ನಿನ ಕಾವು ಬಾಯಿಗೆ ಇಳಿದಂತೆ ಅಲ್ಲಿ ಒಣಹುಲ್ಲಿನ ಬಣ್ಣ ಹರಡುತ್ತಿತ್ತು. ಅದು 220, 230 ಡಿಗ್ರಿಯ ಗುರುತು. ನೀಲಿಗೆ ತಿರುಗಲು ಬಿಟ್ಟರೆ 300ರ ಹತ್ತಿರ ಹೋಗಿ ಬಾಯಿ ಮೆತ್ತಗಾಗುತ್ತದೆ. ಬಣ್ಣ ಸರಿಯಾದ ಕ್ಷಣಕ್ಕೆ ಪೂರ್ತಿ ಕತ್ತಿಯನ್ನು ನೀರಿಗೆ ಹಾಕಿಬಿಡುತ್ತಿದ್ದರು. ಟಿಎಂಟಿ ಮಿಲ್ಲಿನಲ್ಲಿ ಆಗುವುದೂ ಇದೇ. ಅಲ್ಲಿ ಹೊಟ್ಟೆಯ ಕಾವು, ಇಲ್ಲಿ ಬೆನ್ನಿನ ಕಾವು.

2018ರ ಮಳೆಯ ನಂತರ ನಮ್ಮಲ್ಲಿ ಮನೆ ಕಟ್ಟುವ ಕೆಲಸ ಜೋರಾಯಿತು, ಎಲ್ಲಿ ನೋಡಿದರೂ ಟಿಎಂಟಿ ತುಂಡುಗಳು. ಒಂದನ್ನು ಎತ್ತಿಕೊಂಡು ಹೋಗಿ ಕತ್ತಿ ಮಾಡಿಕೊಡಿ ಅಂದರೆ ಆಚಾರಿಗಳು ನಕ್ಕು ಬದಿಗಿಡುತ್ತಾರೆ. ಅದರಲ್ಲಿ ಕಾರ್ಬನ್ ಕಡಿಮೆ, ಶೇಕಡಾ 0.25ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಎಷ್ಟು ಚೆನ್ನಾಗಿ ನೀರು ಕುಡಿಸಿದರೂ ಜೀಪಿನ ಪ್ಲೇಟಿನಷ್ಟು ಬಾಯಿ ನಿಲ್ಲುವುದಿಲ್ಲ. ಇನ್ನು ಮನೆ ಕಟ್ಟುವಾಗ ದಪ್ಪ ಕಂಬಿ ಬಾಗುತ್ತಿಲ್ಲ ಅಂತ ಯಾರಾದರೂ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಲು ಬಂದರೆ ಬೇಡ ಅನ್ನಿ. ಕೆಂಪಗಾಗಿ ತಾನಾಗಿ ಆರಿದ ಜಾಗದಲ್ಲಿ ಆ ಗಟ್ಟಿ ಉಂಗುರ ಉಳಿಯುವುದಿಲ್ಲ. ಕಂಬಿ ಹೊರಗಿನಿಂದ ಮೊದಲಿನ ಹಾಗೇ ಕಾಣುತ್ತದೆ, ಕಾಂಕ್ರೀಟ್ ಸುರಿದ ಮೇಲೆ ಅದೂ ಕಾಣುವುದಿಲ್ಲ.